ಶಿವಾಪುರದ ಹೊಲ ಯಾರದು?

ಕನ್ನಡದಲ್ಲಿ ಕವಿಗಳು ನಾಟಕ ಬರೆದದ್ದುಂಟು, ನಾಟಕಕಾರರು ಬಣ್ಣ ಹಚ್ಚಿದ್ದೂ ಉಂಟು. ಆದರೆ ಕವಿತೆ ಬರೆದು ತಾನೇ ಹಾಡಿ, ನಾಟಕ ಕಟ್ಟಿ ಅದರಲ್ಲಿ ಪಾತ್ರ ವಹಿಸಿ, ಸಿನಿಮಾವನ್ನೂ ನಿರ್ದೇಶಿಸಿದವರು ವಿರಳ. ಚಂದ್ರಶೇಖರ ಕಂಬಾರರು ಅಂಥವರು. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಕಮ್ಮಾರಿಕೆಯ ಮನೆತನದಲ್ಲಿ ಹುಟ್ಟಿದ ಇವರಿಗೆ 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಾಗ ಹೊಗಳಿಕೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ಪದ 'ದೇಸಿ'.

ಈ ಪದವನ್ನು ಇವತ್ತು ತುಸು ಎಚ್ಚರದಿಂದ ನೋಡಬೇಕಾಗಿದೆ. ಬೇರು, ಮಣ್ಣು, ಪರಂಪರೆ ಎಂಬ ಮಾತುಗಳನ್ನು ಆಡುವವರಲ್ಲಿ ಅನೇಕರು ಈ ಮಣ್ಣಿಗೆ ಯಾರು ಸೇರಿದವರು, ಯಾರು ಹೊರಗಿನವರು ಎಂದು ಪಟ್ಟಿ ಮಾಡುವುದಕ್ಕೆ ಅವನ್ನು ಬಳಸುತ್ತಿದ್ದಾರೆ. ಕಂಬಾರರ ದೇಸಿಯೂ ಈ ಬಗೆಯದೇ? ಅಲ್ಲ ಎಂಬುದು ನನ್ನ ವಾದ. ಅವರ ಅತ್ಯುತ್ತಮ ಕೃತಿಗಳಲ್ಲಿ ಮಣ್ಣು ಎಂದರೆ ಹೆಮ್ಮೆಯ ವಸ್ತುವಲ್ಲ, ತಕರಾರಿನ ವಸ್ತು. ಅಲ್ಲಿನ ಪ್ರಶ್ನೆ ಮಣ್ಣಿನ ಮಗ ಯಾರು ಎಂಬುದಲ್ಲ, ಹೊಲದ ಒಡೆಯ ಯಾರು ಎಂಬುದು.

1964ರಲ್ಲಿ 'ಹೇಳತೇನ ಕೇಳ' ಬಂದಾಗ ಕನ್ನಡದಲ್ಲಿ ನವ್ಯದ ಭರಾಟೆ. ಕವಿತೆ ಎಂದರೆ ಒಬ್ಬ ಓದುಗ ಒಂಟಿಯಾಗಿ ಕೂತು ಮನಸ್ಸಿನಲ್ಲೇ ಓದಿಕೊಳ್ಳುವಂಥದು ಎಂಬ ಭಾವನೆ ಬೇರೂರುತ್ತಿತ್ತು. ಕಂಬಾರರು ಲಾವಣಿಯ ಧಾಟಿ ಹಿಡಿದರು. ಲಾವಣಿಗೆ ಹೇಳುವವನಷ್ಟೇ ಸಾಲದು, ಹೂಂಗುಟ್ಟುವ ಮೇಳ ಬೇಕು, ಎದುರಿಗೆ ಜನ ಬೇಕು. ಅಂದರೆ ಅವರ ಕವಿತೆ ಹುಟ್ಟುವಾಗಲೇ ಅರ್ಧ ನಾಟಕ. ಶಿವಾಪುರ ಎಂಬ ಅವರ ಕಲ್ಪನೆಯ ಊರು ತೆರೆದುಕೊಂಡದ್ದೂ ಈ ಹಾಡಿನಲ್ಲೇ. ಮುಂದೆ ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಬಗ್ಗೆ ಸಂಶೋಧನೆ ನಡೆಸಿದಾಗ, 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಸಂಪಾದಿಸಿದಾಗ ಅವರಿಗೆ ಸಿಕ್ಕಿದ್ದು ಹಳೆಯ ಸಾಮಗ್ರಿ ಮಾತ್ರವಲ್ಲ, ಪ್ರೇಕ್ಷಕನ ಜೊತೆ ನೇರವಾಗಿ ಜಗಳ ಆಡಬಲ್ಲ ಒಂದು ರಂಗಕ್ರಮ.

ಆ ಜಗಳ ಪೂರ್ಣ ರೂಪ ಪಡೆದದ್ದು 'ಜೋಕುಮಾರಸ್ವಾಮಿ'ಯಲ್ಲಿ. 1972ರಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ಪ್ರಯೋಗದಲ್ಲಿ ಗಿರೀಶ ಕಾರ್ನಾಡರ ಜೊತೆ ಕಂಬಾರರೂ ಪಾತ್ರ ಮಾಡಿದರು. ಕತೆ ಸರಳ. ಬಂದೂಕಿನ ಬಲದಲ್ಲಿ ಊರನ್ನು ಅಂಜಿಸುವ ಗೌಡನಿಗೆ ಮಕ್ಕಳನ್ನು ಕೊಡುವ ಶಕ್ತಿಯಿಲ್ಲ. ಮಗು ಬೇಕೆಂಬ ಗೌಡತಿ ಸೂಳೆ ಶಾರಿಯ ಹತ್ತಿರ ಹೋಗಿ ಉಪಾಯ ಕೇಳುತ್ತಾಳೆ. ಗೌಡನಿಗೆಂದು ಮಾಡಿದ ಪಡವಲಕಾಯಿಯ ಪಲ್ಯ ಬಸಣ್ಣನ ಪಾಲಾಗುತ್ತದೆ. ಗೌಡ ತನ್ನದೆನ್ನುವ ಹೊಲವನ್ನು ಉತ್ತು ಬಿತ್ತುತ್ತಿರುವವನು ಇದೇ ಬಸಣ್ಣ. ಗೌಡತಿ ಅವನಿಂದ ಬಸಿರಾಗುತ್ತಾಳೆ, ಗೌಡನ ಆಳುಗಳು ಅವನನ್ನು ಕೊಲ್ಲುತ್ತಾರೆ.

ಈ ನಾಟಕ ರಂಗಕ್ಕೆ ಬಂದ ಎರಡು ವರ್ಷಕ್ಕೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ನಾಟಕದಿಂದ ಕಾನೂನು ಬಂತೆಂದು ಹೇಳುವುದು ಬಾಲಿಶ. ಆದರೆ ಉಳುವವನೇ ಹೊಲದೊಡೆಯ ಎಂಬ ಘೋಷಣೆ ಆಳದಲ್ಲಿ ಏನನ್ನು ಅಲುಗಾಡಿಸುತ್ತದೆ ಎಂಬುದನ್ನು ನಾಟಕ ಮೊದಲೇ ಕಂಡಿತ್ತು. ಗೇಣಿ ಕಾಗದದಲ್ಲಷ್ಟೇ ಇರುವುದಿಲ್ಲ. ಅದು ಹಾಸಿಗೆಯಲ್ಲಿದೆ, ದೇವರ ಪೂಜೆಯಲ್ಲಿದೆ, ಭಯದಲ್ಲಿದೆ.

ಇಲ್ಲಿಯ ದೇವರನ್ನೇ ನೋಡಿ. ನಾಟಕದ ಮೊದಲ ಪೂಜೆ ಗಣಪತಿಗಲ್ಲ, ಜೋಕುಮಾರನಿಗೆ. ಭಾದ್ರಪದದಲ್ಲಿ ಹುಟ್ಟಿ ಏಳೇ ದಿನ ಬಾಳುವ ಈ ಮಣ್ಣಿನ ಮೂರ್ತಿಯನ್ನು ಅಂಬಿಗರ ಹೆಂಗಸರು ಬುಟ್ಟಿಯಲ್ಲಿಟ್ಟು ಮನೆಮನೆಗೆ ಹೊರುತ್ತಾರೆ. ಅವನಿಗೆ ಗರ್ಭಗುಡಿಯಿಲ್ಲ, ಮಡಿಯಿಲ್ಲ. ಕಾಮದ ಕಾರಣಕ್ಕೆ ಕೊಲೆಯಾಗುವ, ಮಳೆಬೆಳೆ ತರುವ ಇಂಥ ದೇವರನ್ನು ಶುದ್ಧ ಪರಂಪರೆಯ ಲಾಂಛನ ಮಾಡುವುದು ಕಷ್ಟ. ಆ ಸೀಮೆಯ ಹಾಡಿನ ಮೇಳಗಳೂ ಹಾಗೆಯೇ. ಗೀಗೀ ಪದಕ್ಕೆ ಬಡಿಯುವ ದಪ್ಪು ಅರಬ್ಬರ ದಫ್‌ನ ಬಳಗದ್ದು. ಮೊಹರಮ್ಮಿನ ರಿವಾಯತ್ ಪದಗಳನ್ನು ಹಿಂದೂಗಳೂ ಮುಸ್ಲಿಮರೂ ಕಟ್ಟಿ ಹಾಡಿದ್ದಾರೆ. ಕಂಬಾರರ ದನಿ ಪಳಗಿದ್ದು ಈ ಬೆರಕೆಯ ನೆಲದಲ್ಲಿ. ಹಾಗಿರುವಾಗ ದೇಸಿಯನ್ನು ಒಂದೇ ಸಮುದಾಯದ ಆಸ್ತಿಯೆನ್ನುವುದು ಆ ದನಿಗೆ ಮಾಡುವ ಅನ್ಯಾಯ.

ಹಾಗೆಂದು ನಾಟಕದ ಮಿತಿಯನ್ನು ಮರೆಮಾಚಬೇಕಾಗಿಲ್ಲ. ಹೆಣ್ಣು ಹೊಲ, ಗಂಡು ಬಿತ್ತುವವನು ಎಂಬ ಹಳೆಯ ರೂಪಕದ ಮೇಲೆಯೇ ಅದು ನಿಂತಿದೆ. ಗೌಡತಿ ತಾನೇ ಹೊಸ್ತಿಲು ದಾಟುತ್ತಾಳೆ, ತನಗೇನು ಬೇಕೆಂದು ಬಾಯಿಬಿಟ್ಟು ಹೇಳುತ್ತಾಳೆ. ಇದು ಸಣ್ಣ ಮಾತಲ್ಲ. ಆದರೆ ಹೊಲ ಗೌಡನದೋ ಬಸಣ್ಣನದೋ ಎಂದು ಕೇಳುವ ನಾಟಕ ಅವಳದೂ ಇರಬಹುದೇ ಎಂದು ಕೇಳುವುದಿಲ್ಲ. ಭೂಸುಧಾರಣೆಯ ಹಕ್ಕುಪತ್ರಗಳೂ ಬಹುಪಾಲು ಗಂಡಸರ ಹೆಸರಿಗೇ ಬಂದವೆಂಬುದನ್ನು ನೆನೆದರೆ, ನಾಟಕದ ಕುರುಡು ಕಾಲದ ಕುರುಡೂ ಹೌದು.

ಇನ್ನೊಂದು ತೊಡಕು ಭಾಷೆಯದು. ಅರಕಲಗೂಡು ಸೀಮೆಯ ಮಲ್ಲಿಪಟ್ಟಣದ ಹುಡುಗನೊಬ್ಬ ಬಸಣ್ಣನ ಪಾತ್ರ ವಹಿಸಿದರೆ ಬೆಳಗಾವಿಯ ಕನ್ನಡ ಅವನಿಗೆ ಪಾಠ ಮಾಡಿ ಕಲಿಯಬೇಕಾದ ನುಡಿ. ನಮ್ಮ ಕಡೆಯ ತಂಡಗಳು ಇಂಥ ನಾಟಕ ಆಡುವಾಗ ಮಾತಿನ ರಾಗವನ್ನು ನಗೆಯ ಸರಕು ಮಾಡಿಬಿಡುವ ಅಪಾಯ ಯಾವಾಗಲೂ ಇದೆ. ಹಾಡಿಗೆ ಮಾತ್ರ ಈ ತೊಡಕು ಕಡಿಮೆ. ಕಂಬಾರರೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ತಂದಿತು. ಆ ಹಾಡು ಹಳೆಯ ಮೈಸೂರಿನ ಮನೆಗಳನ್ನೂ ಸಲೀಸಾಗಿ ಹೊಕ್ಕಿತು.

ಮುಂದಿನದು ಪದವಿ, ಪುರಸ್ಕಾರಗಳ ಕಾಲ. 'ಸಿರಿಸಂಪಿಗೆ'ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಸ್ಥಾನ, ವಿಧಾನ ಪರಿಷತ್ತಿನ ಸದಸ್ಯತ್ವ, 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ. ಈ ಘಟ್ಟದ 'ಮಹಾಮಾಯಿ'ಯಂಥ ನಾಟಕ ಕುಶಲವಾದದ್ದೇ. ಸಾವಿನ ತಾಯಿಗೆ ಎದುರಾಗುವ ವೈದ್ಯನ ಕತೆ ಮನಸ್ಸನ್ನು ಹಿಡಿಯುತ್ತದೆ. ಆದರೆ ಇಲ್ಲಿಯ ಎದುರಾಳಿ ವಿಧಿ. ಬಂದೂಕು ಹಿಡಿದ ಗೌಡ ಹಿನ್ನೆಲೆಗೆ ಸರಿದಿದ್ದಾನೆ. ಜಾನಪದ ಪ್ರಶ್ನೆ ಕೇಳುವುದನ್ನು ಬಿಟ್ಟು ಸೊಗಸಾಗತೊಡಗಿದಾಗ ಅದನ್ನು ಸನ್ಮಾನಿಸುವುದು ಎಲ್ಲರಿಗೂ ಸುಲಭವಾಗುತ್ತದೆ.

ಗೌಡ ನಾಟಕದಿಂದ ಸರಿದರೂ ಊರಿನಿಂದ ಹೋಗಿಲ್ಲ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಹಾಸನ ಜಿಲ್ಲೆಯಲ್ಲಿ ಶುಂಠಿ ಬೆಳೆಯಲು ಹೊಲಗಳು ಬಾಯಿಮಾತಿನ ಗುತ್ತಿಗೆಗೆ ಹೋಗುತ್ತವೆ. ಕೂಲಿಗೆ ನಿಂತವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಈಗ 'ಜೋಕುಮಾರಸ್ವಾಮಿ'ಯನ್ನು ಕೈಗೆತ್ತಿಕೊಳ್ಳುವ ತಂಡ ಕುಣಿತ, ಬಣ್ಣ, ನಗೆಗಳ ಜೊತೆಗೆ ಬಸಣ್ಣನ ತಕರಾರನ್ನೂ ಎತ್ತಿಕೊಳ್ಳಬೇಕು. ಅದನ್ನು ಬಿಟ್ಟರೆ ಉಳಿಯುವುದು ಬುಟ್ಟಿ ಮಾತ್ರ.