ಹೂವಿನ ಬೆನ್ನು

ಅಮೆರಿಕದ ಕೊಲರಾಡೊ ರಾಜ್ಯದ ಕ್ರೆಸ್ಟೆಡ್ ಬ್ಯೂಟ್ ಸುಮಾರು 2,700 ಮೀಟರ್ ಎತ್ತರದ ಊರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ 800 ಮೀಟರಿನಷ್ಟು ಮೇಲೆ. ಜುಲೈ ನಡುವಿನಲ್ಲಿ ಅಲ್ಲಿಂದ ಗೋಥಿಕ್ ಎಂಬ ಜಾಗದ ಕಡೆಗೆ ನಡೆದರೆ ಹಿಮ ಕರಗಿದ ಇಳಿಜಾರಿನ ತುಂಬ ಹೂವು. ಆಸ್ಪೆನ್ ಮರಗಳ ಬುಡದಲ್ಲಂತೂ ತಿಳಿನೇರಳೆ ಎಸಳು, ನಡುವೆ ಹಳದಿ ಬೊಟ್ಟು, ಕಣ್ಣು ಹೋದಷ್ಟು ದೂರ. ಮೊದಲ ದಿನ ಎಲ್ಲವನ್ನೂ ‘ಡೇಸಿ’ ಎಂದುಕೊಂಡು ದಾಟಿಹೋದೆ. ಮರುದಿನ ಮೊಣಕಾಲೂರಿ ಕೂತೆ. ಆಮೇಲೆ ನಡಿಗೆ ಮುಂದೆ ಸಾಗಲೇ ಇಲ್ಲ.

ಸೂರ್ಯಕಾಂತಿ ಕುಟುಂಬದ ಹೂವಿನಲ್ಲಿ ನಾವು ಎಸಳೆನ್ನುವ ಒಂದೊಂದೂ ಒಂದೊಂದು ಹೂವು. ನಡುವಿನ ಹಳದಿ ಬೊಟ್ಟಿನಲ್ಲಿರುವುದೂ ಹತ್ತಾರು, ನೂರಾರು ಪುಟಾಣಿ ಹೂಗಳೇ. ಹೀಗೆ ಊರಿಗೆ ಊರೇ ಒಂದು ತೊಟ್ಟಿನ ಮೇಲೆ ಕೂತಿರುವಾಗ ಮುಖ ನೋಡಿ ಗುರುತು ಹಿಡಿಯುವುದು ಕಷ್ಟ. ಗುರುತು ಇರುವುದು ಬೆನ್ನಿನಲ್ಲಿ, ಆ ಊರನ್ನೆಲ್ಲ ಹೊತ್ತ ಹಸಿರು ಬಟ್ಟಲಿನಲ್ಲಿ.

ಅಲ್ಲಿನ ನೇರಳೆ ಹೂಗಳಲ್ಲಿ ಮುಖ್ಯವಾದವು ಎರಡು ಬಗೆ: ಫ್ಲೀಬೇನ್ ಮತ್ತು ಆಸ್ಟರ್. ಫ್ಲೀಬೇನ್ ಹೂವನ್ನು ಬೆರಳಿನಿಂದ ಮೆಲ್ಲಗೆ ಓರೆಮಾಡಿದರೆ ಬಟ್ಟಲಿನ ಹಸಿರು ಪಟ್ಟಿಗಳು ಸಣ್ಣಗೆ, ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ, ಒಂದೆರಡು ಸಾಲಿನಲ್ಲಿ ನಿಂತಿರುತ್ತವೆ. ಬಿದಿರಿನ ಬೇಲಿಯ ಹಾಗೆ. ಆಸ್ಟರ್‌ನ ಬೆನ್ನು ಹೆಂಚು ಹೊದಿಸಿದ ಮಾಡು: ಮೋಟು ಪಟ್ಟಿಗಳು ಕೆಳಗೆ, ಉದ್ದದವು ಮೇಲೆ, ಸಾಲಿನ ಮೇಲೆ ಸಾಲು. ಇದನ್ನು ಒಮ್ಮೆ ಕಂಡ ಮೇಲೆ ಮುಖದ ವ್ಯತ್ಯಾಸವೂ ತಾನಾಗಿ ತೆರೆದುಕೊಂಡಿತು. ಫ್ಲೀಬೇನ್‌ನ ಎಸಳು ಶಾವಿಗೆಯೆಳೆಯಷ್ಟು ಸಪೂರ, ದಟ್ಟ. ಒಂದೊಂದು ಹೂವಿನಲ್ಲಿ ನೂರರ ಆಸುಪಾಸು. ಆಸ್ಟರ್‌ನವು ಅಗಲ, ವಿರಳ, ಎಣಿಸಬಹುದಾದಷ್ಟು. ಫ್ಲೀಬೇನ್ ಬೇಗ ಅರಳುತ್ತದೆ. ಆಸ್ಟರ್‌ಗಳ ಕಾಲ ಹೆಚ್ಚಾಗಿ ಬೇಸಗೆಯ ಕೊನೆ. ಫ್ಲೀಬೇನ್‌ನ ಶಾಸ್ತ್ರೀಯ ಹೆಸರು ಎರಿಜೆರಾನ್. ‘ಬೇಗ ಮುದುಕನಾದವನು’ ಎಂಬರ್ಥದ ಗ್ರೀಕ್ ಮಾತು. ಅರಳಿದ ಕೆಲವೇ ದಿನಕ್ಕೆ ಬೀಜದ ಬಿಳಿ ಕೂದಲು ಹೊತ್ತು ನಿಲ್ಲುವ ಹೂವಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚದು.

ಬೆನ್ನು ನೋಡುವ ಸುಖ ಎತ್ತರಕ್ಕೆ ಹೋದಷ್ಟೂ ಹೆಚ್ಚುತ್ತದೆ. ಮರಗಳ ಗಡಿ ದಾಟಿದ ಮೇಲೆ ಗೇಣುದ್ದದ, ಒಂಟಿ ಹೂವಿನ ಫ್ಲೀಬೇನ್‌ಗಳು ಸಿಗುತ್ತವೆ. ಒಂದರ ಬಟ್ಟಲಿಗೆ ಬಿಳಿ ಉಣ್ಣೆಯ ಹೊದಿಕೆ. ಇನ್ನೊಂದರ ಬಟ್ಟಲಿನ ತುಂಬ ನೇರಳೆಗಪ್ಪು ರೋಮ. ಹೆಸರೇ ಕರಿತಲೆ ಡೇಸಿ. ಮೇಲಿನಿಂದ ನೋಡುವವನಿಗೆ ಈ ಮಸಿಯಂಥ ಮಖಮಲ್ಲು ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಆ ಬೆಟ್ಟದ ಅತಿ ಚೆಲುವಾದ ವಸ್ತು ಅದು.

ಬೆನ್ನನ್ನು ಓದುವುದೂ ಯಾವಾಗಲೂ ಸುಲಭವಲ್ಲ. ಒಂದು ಜಾತಿಯ ಆಸ್ಟರ್‌ನ ಬಟ್ಟಲಿನ ಪಟ್ಟಿಗಳು ಎಲೆಯಂತೆ ಅಗಲವಾಗಿ ಬೆಳೆದು ಹೆಂಚಿನ ಸಾಲನ್ನೇ ಕಲಸಿಬಿಡುತ್ತವೆ. ಒದ್ದೆ ಹುಲ್ಲುಗಾವಲಿನ ಒಂದು ಫ್ಲೀಬೇನ್‌ಗೆ ಆಸ್ಟರ್‌ನಂಥ ಅಗಲ ಎಸಳು. ಸಸ್ಯಶಾಸ್ತ್ರಜ್ಞ ಥಾಮಸ್ ನಟ್ಟಾಲ್ ಕೂಡ ಮೊದಲು ಅದನ್ನು ಆಸ್ಟರ್ ಎಂದೇ ದಾಖಲಿಸಿದ್ದರು. 1990ರ ದಶಕದಲ್ಲಂತೂ ಉತ್ತರ ಅಮೆರಿಕದ ಆಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಬೇರೆ ಬೇರೆ ಕುಲಗಳಿಗೆ ಹಂಚಿಹೋದವು. ಈಗ ಆ ಖಂಡದಲ್ಲಿ ಸಹಜವಾಗಿ ಬೆಳೆಯುವ, ಶಾಸ್ತ್ರ ಒಪ್ಪುವ ಆಸ್ಟರ್ ಒಂದೇ ಜಾತಿ. ಬೆಟ್ಟದ ಮೇಲೆ ಮಾತ್ರ ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ.

ಹಳದಿ ಹೂಗಳಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಆಸ್ಪೆನ್ ಸೂರ್ಯಕಾಂತಿಯ ಮುಂದೆ. ಪಕ್ಕದಲ್ಲೇ ಬೆಳೆಯುವ ‘ಹೇಸರಗತ್ತೆಯ ಕಿವಿ’ ಎಂಬ ಗಿಡವೂ ದೂರಕ್ಕೆ ಹಾಗೆಯೇ ಕಾಣುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಗೊಂದಲವಿಲ್ಲ: ಆಸ್ಪೆನ್ ಸೂರ್ಯಕಾಂತಿಯ ಎಲೆಯಲ್ಲಿ ಐದು ನರಗಳು ಉದ್ದಕ್ಕೆ ಹರಿಯುತ್ತವೆ, ಇನ್ನೊಂದರಲ್ಲಿ ನಡುನರ ಒಂದೇ, ಉಳಿದವು ಅದರಿಂದ ಕವಲೊಡೆದವು. ಆಸ್ಪೆನ್ ಸೂರ್ಯಕಾಂತಿ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತದೆ. ಹಾಗಾಗಿ ಪಶ್ಚಿಮದಿಂದ ಬಂದವರಿಗೆ ಬಗ್ಗದೆಯೇ ಬೆನ್ನು ಕಾಣುತ್ತದೆ. ಆ ಬೆನ್ನ ಮೇಲೆ ಸದಾ ಇರುವೆ. ಬಟ್ಟಲಿನ ಹಸಿರು ಪಟ್ಟಿಗಳೇ ಸಿಹಿ ಒಸರುತ್ತವೆ. ಅದನ್ನು ಕುಡಿಯಲು ಬಂದ ಇರುವೆಗಳು ಅಲ್ಲಿ ಮೊಟ್ಟೆಯಿಡಲು ಬರುವ ನೊಣಗಳನ್ನು ಅಟ್ಟುತ್ತವೆ. ಆ ಮೊಟ್ಟೆಯೊಡೆದು ಬರುವ ಹುಳುಗಳೇ ಬೀಜ ತಿನ್ನುವವು. ಗೋಥಿಕ್‌ನಲ್ಲಿ 1928ರಿಂದ ಇರುವ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಡೇವಿಡ್ ಇನೌಯೆ 1970ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು. ಅವರದೇ ಲೆಕ್ಕ ಇನ್ನೊಂದಿದೆ: ಹಿಮ ಬೇಗ ಕರಗಿದ ವರ್ಷ ಮೊಗ್ಗೂ ಬೇಗ ಮೂಡಿ, ತಡವಾಗಿ ಬಿದ್ದು ಹೆಪ್ಪುಗಟ್ಟಿದ ಇಬ್ಬನಿಗೆ ಸಿಕ್ಕಿ ಸುಟ್ಟುಹೋಗುತ್ತದೆ. 1992ರಿಂದ 1998ರವರೆಗೆ ಹೀಗೆ ಸತ್ತ ಮೊಗ್ಗು ಸರಾಸರಿ ಶೇಕಡ 36. ಮುಂದಿನ ಎಂಟು ವರ್ಷಗಳಲ್ಲಿ ಶೇಕಡ 74.

ಊರಿಗೆ ಮರಳಿದ ಮೇಲೆ ಪೂಜೆಗೆ ತಂದ ಹೂವನ್ನೂ ನಾನು ಮಗುಚಿ ನೋಡುತ್ತೇನೆ. ನೀವೂ ನೋಡಿ. ಸೇವಂತಿಗೆಯ ಬೆನ್ನಲ್ಲಿ ಕಾಗದದಂಥ ಅಂಚಿನ ಹೆಂಚುಗಳು ಸಾಲುಸಾಲಾಗಿವೆ. ಚೆಂಡುಹೂವಿನ ಪಟ್ಟಿಗಳು ಒಂದಕ್ಕೊಂದು ಬೆಸೆದು ಒಂದೇ ಲೋಟವಾಗಿವೆ. ಅದರ ಮೈಮೇಲಿನ ಚುಕ್ಕೆಗಳು ಎಣ್ಣೆಯ ಗ್ರಂಥಿಗಳು. ಒಂದು ಚುಕ್ಕೆಯನ್ನು ಉಗುರಿನಿಂದ ಒತ್ತಿ ಮೂಸಿ. ಕೈಗೆ ಅಂಟುವ ಆ ಘಾಟು ಅಲ್ಲಿಂದಲೂ ಬರುತ್ತದೆ.