ಡಿಜೆ ಸ್ಕ್ರೂ ಕೇಳುವುದು ಹೇಗೆ? ರಸಿಕರಿಗೊಂದು ಕೈಪಿಡಿ

ಡಿಜೆ ಸ್ಕ್ರೂ ಅವರ ಕ್ಯಾಸೆಟ್ ಮೊದಲ ಸಲ ಕೇಳುವವರಿಗೆ ಟೇಪ್ ಕೆಟ್ಟಿದೆ ಅನ್ನಿಸುವುದು ಸಹಜ. ದನಿ ಪಾತಾಳಕ್ಕೆ ಇಳಿದಿರುತ್ತದೆ. ಡ್ರಮ್ಮಿನ ಪೆಟ್ಟು ಈಗ ಬಿದ್ದೀತು ಅಂದುಕೊಂಡರೆ ಇನ್ನೂ ಒಂದು ಗಳಿಗೆ ಕಾಯಿಸುತ್ತದೆ. ಆಡಿದ ಮಾತೇ ಎರಡು ಸಲ ಬಂದು ಮುಂದೆ ಸಾಗುತ್ತದೆ. ಹೊಸಬರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ, ಕಾಲು ಗಂಟೆ ಹೋಗಲಿ. ಕಿವಿ ಒಮ್ಮೆ ಆ ನಡಿಗೆಗೆ ಹೊಂದಿಕೊಂಡಿತೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಹಿಪ್‌ಹಾಪ್ ಸಂಗೀತದ ದೊಡ್ಡದೊಂದು ಬಾಗಿಲು ತೆರೆದ ಹಾಗೆಯೇ.

ಡಿಜೆ ಸ್ಕ್ರೂ, ಅಂದರೆ ರಾಬರ್ಟ್ ಅರ್ಲ್ ಡೇವಿಸ್ ಜೂನಿಯರ್, ಹುಟ್ಟಿದ್ದು 1971ರ ಜುಲೈ 20ರಂದು. ಎಳವೆಯ ನೆಲ ಟೆಕ್ಸಸ್‌ನ ಸ್ಮಿತ್‌ವಿಲ್ ಎಂಬ ಚಿಕ್ಕ ಊರು. ತಂದೆ ಲಾರಿ ಓಡಿಸುತ್ತಿದ್ದರು. ಹುಡುಗ ಕೈ ಪಳಗಿಸಿಕೊಂಡಿದ್ದು ತಾಯಿಯ ರೆಕಾರ್ಡುಗಳ ಮೇಲೆ. ಹಿಡಿಸದ ರೆಕಾರ್ಡನ್ನು ಸ್ಕ್ರೂ ಹಿಡಿದು ಗೀಚಿ ಹಾಳು ಮಾಡುತ್ತಿದ್ದ, ಹೆಸರು ಬಂದದ್ದು ಅಲ್ಲಿಂದ ಎಂದು ಗೆಳೆಯರು ಹೇಳುತ್ತಾರೆ. ಹದಿಹರೆಯದಲ್ಲಿ ಹ್ಯೂಸ್ಟನ್ ಸೇರಿದರು. ಶಾಲೆ ಅರ್ಧಕ್ಕೇ ನಿಂತಿತು. ಆ ನಗರದ ದಕ್ಷಿಣ ಭಾಗದ ಒಂದು ಮನೆಯೇ ಅವರ ಸ್ಟುಡಿಯೊ ಆಯಿತು.

ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ತಿಳಿದುಕೊಂಡರೆ ಕೇಳುವ ಸುಖ ಇಮ್ಮಡಿಯಾಗುತ್ತದೆ. ಎರಡು ಟರ್ನ್‌ಟೇಬಲ್, ಎರಡರ ಮೇಲೂ ಒಂದೇ ರೆಕಾರ್ಡಿನ ಎರಡು ಪ್ರತಿ. ಒಂದು ಪ್ರತಿ ಇನ್ನೊಂದಕ್ಕಿಂತ ಒಂದು ಪೆಟ್ಟು ಹಿಂದೆ ಓಡುತ್ತಿರುತ್ತದೆ. ದನಿಯನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ನಡುವಿನ ಕ್ರಾಸ್‌ಫೇಡರನ್ನು ಬೆರಳ ತುದಿಯಿಂದ ಆಚೆ ತಳ್ಳಿ ಈಚೆ ಎಳೆದರೆ, ಈಗಷ್ಟೇ ಕೇಳಿದ ಪದ ಮತ್ತೊಮ್ಮೆ ಕೇಳುತ್ತದೆ, ಆದರೆ ತಾಳ ತಪ್ಪುವುದಿಲ್ಲ. ಇದಕ್ಕೆ ‘ಚಾಪ್’ ಎನ್ನುತ್ತಾರೆ. ಯಾವ ಪದವನ್ನು ಮರುಕಳಿಸಬೇಕು, ಯಾವುದನ್ನು ಹಾಗೇ ಹೋಗಗೊಡಬೇಕು ಎಂಬುದರಲ್ಲಿ ಸ್ಕ್ರೂ ಅವರ ರುಚಿಯೆಲ್ಲ ಇದೆ. ನೀವು ಗಮನವಿಟ್ಟು ಕೇಳಬೇಕಾದ ಜಾಗ ಇದು.

ಹೀಗೆ ಬೆರೆಸಿದ್ದನ್ನು ಟೇಪಿಗೆ ತುಂಬಿಕೊಂಡು, ಆ ಟೇಪಿನ ವೇಗವನ್ನೂ ತಗ್ಗಿಸುತ್ತಿದ್ದರು. ನಮ್ಮ ವಿಲಂಬಿತ ಖಯಾಲಿನಲ್ಲಿ ಲಯ ನಿಧಾನವಾದರೂ ಗಾಯಕರ ಶ್ರುತಿ ಇದ್ದಲ್ಲೇ ಇರುತ್ತದೆ. ಇಲ್ಲಿ ಟೇಪೇ ನಿಧಾನ ಸುತ್ತುವುದರಿಂದ ಲಯದ ಜೊತೆ ಶ್ರುತಿಯೂ ಇಳಿಯುತ್ತದೆ, ಹೆಣ್ಣಿನ ದನಿ ಗಂಡಿನದಾಗುತ್ತದೆ, ಬೇಸ್ ಎದೆಗೆ ತಾಗುತ್ತದೆ. ರ‍್ಯಾಪ್ ಮಾಡುವವನು ಏನು ಹೇಳುತ್ತಿದ್ದಾನೆ ಎಂಬುದು ಜನಕ್ಕೆ ಕೇಳಿಸಲಿ ಎಂಬುದೇ ಅವರು ಕೊಟ್ಟ ಕಾರಣ. ಆ ಮಾತು ನಿಜ ಎಂಬುದು ಕೇಳಿದವರಿಗೆ ಗೊತ್ತು. ವೇಗದಲ್ಲಿ ಬಡಾಯಿಯಂತೆ ಹಾದುಹೋಗುವ ಸಾಲು ಇಲ್ಲಿ ದುಃಖದ ಸಾಲಾಗಿ ನಿಲ್ಲುತ್ತದೆ.

ಮೊದಲು ಕೇಳಬೇಕಾದದ್ದು ‘ಜೂನ್ 27’. 1996ರಲ್ಲಿ ಡೆಮೊ ಎಂಬ ಗೆಳೆಯನ ಹುಟ್ಟುಹಬ್ಬಕ್ಕೆಂದು ಮಾಡಿದ ಟೇಪಿದು. ಅದರೊಳಗೆ ಅರ್ಧ ಗಂಟೆಗೂ ಮೀರಿದ ಒಂದೇ ಒಂದು ಫ್ರೀಸ್ಟೈಲ್ ಇದೆ. ಕ್ರಿಸ್ ಕ್ರಾಸ್ ಜೋಡಿಯ ಹಾಡೊಂದರ ತಾಳ ಸುತ್ತಿ ಸುತ್ತಿ ಬರುತ್ತಿದ್ದರೆ ಬಿಗ್ ಮೋ, ಯಂಗ್‌ಸ್ಟಾರ್, ಬಿಗ್ ಪೋಕಿ ಮುಂತಾದವರು ಸರದಿಯಲ್ಲಿ ಮೈಕ್ ಹಿಡಿದು ಬಾಯಿಗೆ ಬಂದಂತೆ ಪದ ಕಟ್ಟುತ್ತಾರೆ. ಬಿಗ್ ಮೋ ನಡುನಡುವೆ ರ‍್ಯಾಪ್ ಬಿಟ್ಟು ಹಾಡಲು ತೊಡಗುವ ರೀತಿ ನೋಡಿ. ಇಗರ್ಜಿಯ ಹಾಡಿಕೆಯೂ ಬೀದಿಯ ಮಾತೂ ಒಂದೇ ಉಸಿರಿನಲ್ಲಿ ಬರುತ್ತವೆ. ಒಬ್ಬ ತಡವರಿಸಿದರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ತಿದ್ದುಪಡಿ ಇಲ್ಲ. ನಮ್ಮ ಆಶುಕವಿತ್ವಕ್ಕೆ ತಲೆದೂಗುವವರು ಇದಕ್ಕೂ ತಲೆದೂಗಬೇಕು. ಹ್ಯೂಸ್ಟನ್‌ನಲ್ಲಿ ಆ ತಾರೀಖನ್ನು ಇಂದಿಗೂ ಜನ ನೆನೆಯುತ್ತಾರೆ.

ಈ ಗೆಳೆಯರ ಬಳಗದ ಹೆಸರು ಸ್ಕ್ರೂಡ್ ಅಪ್ ಕ್ಲಿಕ್. ಫ್ಯಾಟ್ ಪ್ಯಾಟ್, ಅವರ ಅಣ್ಣ ಬಿಗ್ ಹಾಕ್, ಲಿಲ್ ಕೀಕೆ, ಜೀ-ರೊ ಎಲ್ಲ ಇಲ್ಲಿಂದ ಬಂದವರೇ. 2020ರಲ್ಲಿ ಪೊಲೀಸನ ಮೊಣಕಾಲಿನಡಿ ಪ್ರಾಣಬಿಟ್ಟ ಜಾರ್ಜ್ ಫ್ಲಾಯ್ಡ್ ಕೂಡ 1990ರ ದಶಕದಲ್ಲಿ ‘ಬಿಗ್ ಫ್ಲಾಯ್ಡ್’ ಎಂಬ ಹೆಸರಿನಲ್ಲಿ ಸ್ಕ್ರೂ ಟೇಪುಗಳಲ್ಲಿ ರ‍್ಯಾಪ್ ಮಾಡಿದ್ದರು. ಜಗತ್ತು ಅವರ ಕೊನೆಯ ಮಾತುಗಳನ್ನಷ್ಟೇ ಕೇಳಿದೆ. ಯೌವನದ ಅವರ ದನಿ ಈ ಟೇಪುಗಳಲ್ಲಿ ಉಳಿದಿದೆ.

ಬೂದು ಬಣ್ಣದ ಮ್ಯಾಕ್ಸೆಲ್ ಕ್ಯಾಸೆಟ್ಟುಗಳನ್ನು ಸ್ಕ್ರೂ ಮನೆಯ ಗೇಟಿನಲ್ಲೇ ಮಾರುತ್ತಿದ್ದರು. ಸಂಜೆಯಾದರೆ ಕಾರುಗಳ ಸಾಲು. ಈ ಸಾಲು ನೋಡಿ ಅಲ್ಲಿ ಮಾದಕ ವಸ್ತು ಮಾರುತ್ತಾರೆಂದು ಪೊಲೀಸರು ಶಂಕಿಸಿದ್ದೂ ಉಂಟು. 1998ರಲ್ಲಿ ಅವರು ಸ್ವಂತ ಅಂಗಡಿ ತೆರೆದರು. ಟೇಪು ಕೊಂಡವರು ಅದನ್ನು ಕೇಳುತ್ತಿದ್ದದ್ದು ಕಾರಿನಲ್ಲಿ: ಥಳಥಳಿಸುವ ಬಣ್ಣದ ಹಳೆಯ ಕ್ಯಾಡಿಲಾಕ್, ಪಕ್ಕಕ್ಕೆ ಚಾಚಿಕೊಂಡ ತಂತಿ ಚಕ್ರ, ಡಿಕ್ಕಿಯಲ್ಲಿ ದೊಡ್ಡ ಸ್ಪೀಕರ್, ನಡಿಗೆಗಿಂತ ಸ್ವಲ್ಪ ಜೋರು. ಆದ್ದರಿಂದ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಅರ್ಧಕ್ಕರ್ಧ ಸಂಗೀತ ಕೆಳಗಿನ ಸ್ವರಗಳಲ್ಲೇ ಇದೆ.

ಕೆಮ್ಮಿನ ಸಿರಪ್ ವಿಷಯ ಮುಚ್ಚಿಡುವುದು ತಪ್ಪು. ಕೊಡೀನ್ ಬೆರೆತ ಸಿರಪ್ಪಿನ ಚಟ ಆ ವಲಯದಲ್ಲಿ ಹಬ್ಬಿತ್ತು. 2000ದ ನವೆಂಬರ್ 16ರಂದು ಸ್ಕ್ರೂ ತಮ್ಮ ಸ್ಟುಡಿಯೊದಲ್ಲೇ ಸತ್ತು ಬಿದ್ದಿದ್ದರು. ವಯಸ್ಸು 29. ದೇಹದಲ್ಲಿ ಕೊಡೀನ್ ಇತ್ತು. ಆದರೆ ಈ ಸಂಗೀತ ಅಮಲಿನಿಂದ ಹುಟ್ಟಿತು, ಅಮಲಿಗಾಗಿಯೇ ಇದೆ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಎರಡು ರೆಕಾರ್ಡುಗಳನ್ನು ಒಂದು ಪೆಟ್ಟಿನ ಅಂತರದಲ್ಲಿ ಗಂಟೆಗಟ್ಟಲೆ ಓಡಿಸಲು ಎಚ್ಚರವಿರುವ ಕೈಯೇ ಬೇಕು. ಮುನ್ನೂರಕ್ಕೂ ಹೆಚ್ಚು ಟೇಪುಗಳು ಆ ಎಚ್ಚರದ ಫಲ.

ಅವರು ಹೋದ ಮೇಲೆ ಈ ಶೈಲಿ ದೂರ ಹಬ್ಬಿತು. 2016ರ ‘ಮೂನ್‌ಲೈಟ್’ ಚಿತ್ರಕ್ಕೆ ನಿಕೋಲಸ್ ಬ್ರಿಟೆಲ್ ಇದೇ ತಂತ್ರವನ್ನು ಪಿಟೀಲಿಗೂ ಅನ್ವಯಿಸಿದರು. ಈಗ ಯಾವ ಹಾಡನ್ನಾದರೂ ಒಂದು ಗುಂಡಿ ಒತ್ತಿ ನಿಧಾನಗೊಳಿಸಿದ ಆವೃತ್ತಿಗಳು ಇಂಟರ್‌ನೆಟ್ಟಿನ ತುಂಬ ಸಿಗುತ್ತವೆ. ಅವುಗಳಿಂದ ಶುರು ಮಾಡಬೇಡಿ. ಅಲ್ಲಿ ನಿಧಾನ ಇದೆ, ಆಯ್ಕೆ ಇಲ್ಲ. ‘ಜೂನ್ 27’ ಆದ ಮೇಲೆ ‘ತ್ರೀ ಇನ್ ದ ಮಾರ್ನಿಂಗ್’ ಎರಡನೇ ಭಾಗ ಕೇಳಿ. ಹ್ಯೂಸ್ಟನ್ ಕಡೆ ಹೋಗುವ ಕನ್ನಡಿಗರಿದ್ದರೆ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಮರೆಯದಿರಿ: ಸ್ಕ್ರೂ ಬಳಸಿದ ಸಾವಿರಕ್ಕೂ ಹೆಚ್ಚು ರೆಕಾರ್ಡುಗಳನ್ನು ಅಲ್ಲಿ ಕಾಪಿಟ್ಟಿದ್ದಾರೆ.