ಅಟಾಮಿಯಲ್ಲಿ ಒಂದು ರಾತ್ರಿ

ಯಾಸುಜಿರೊ ಒಜು ನಿರ್ದೇಶಿಸಿದ 'ಟೋಕಿಯೊ ಸ್ಟೋರಿ' (1953) ಶುರುವಾಗುವುದು ಊರಿಗೆ ಹೊರಡುವ ಗಡಿಬಿಡಿಯಿಂದ. ಹಿರೋಷಿಮಾ ಪ್ರಾಂತ್ಯದ ಒನೊಮಿಚಿ ಎಂಬ ಕಡಲ ತಡಿಯ ಊರು. ಕೆಲಸದಿಂದ ನಿವೃತ್ತರಾದ ಶುಕಿಚಿ ರೈಲಿನ ವೇಳಾಪಟ್ಟಿ ನೋಡುತ್ತಾ ಕೂತಿದ್ದಾರೆ, ಹೆಂಡತಿ ತೋಮಿ ಸಾಮಾನು ಜೋಡಿಸುತ್ತಿದ್ದಾರೆ. ದಾರಿಯಲ್ಲಿ ಬೇಕಾಗುವ ಗಾಳಿದಿಂಬು ಸಿಗುತ್ತಿಲ್ಲ. ನಿನಗೇ ಕೊಟ್ಟೆನಲ್ಲ ಎನ್ನುತ್ತಾರೆ ಶುಕಿಚಿ. ನನ್ನ ಹತ್ತಿರ ಇಲ್ಲ ಎನ್ನುತ್ತಾರೆ ತೋಮಿ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, ಒಳ್ಳೆಯ ಮಕ್ಕಳಿದ್ದಾರೆ, ನೀವು ಪುಣ್ಯವಂತರು ಎಂದು ಹೇಳಿ ಹೋಗುತ್ತಾಳೆ. ಕೊನೆಗೆ ದಿಂಬು ಸಿಗುವುದು ಶುಕಿಚಿಯವರ ಚೀಲದಲ್ಲೇ.

ಈ ಸಿನೆಮಾದ ಬಗ್ಗೆ ನಮ್ಮಲ್ಲಿ ಯಾರೇ ಮಾತಾಡಿದರೂ ಮೊದಲು ಬರುವ ಮಾತು ಒಂದೇ: ಹೆತ್ತವರನ್ನು ಕಡೆಗಣಿಸಿದ ಮಕ್ಕಳ ಕಥೆ. ಫಿಲ್ಮ್ ಸೊಸೈಟಿಯ ಪ್ರದರ್ಶನ ಮುಗಿದು ದೀಪ ಹತ್ತಿದಾಗ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ, ಕಿರಿಯರು ತಪ್ಪಿತಸ್ಥರ ಹಾಗೆ ಮೊಬೈಲ್ ತೆಗೆದು ಮನೆಗೆ ಫೋನ್ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆದರೆ ಚಿತ್ರವನ್ನು ಮತ್ತೆ ನೋಡಿದಂತೆಲ್ಲ ಈ ಓದು ನನಗೆ ಸಾಲದೆನ್ನಿಸಿದೆ. ಇಲ್ಲಿ ಯಾರೂ ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ. ಉಣ್ಣಿಸುತ್ತಾರೆ, ಸ್ನಾನಕ್ಕೆ ಕರೆದೊಯ್ಯುತ್ತಾರೆ, ಊರು ತೋರಿಸುತ್ತಾರೆ, ದುಡ್ಡು ಹಾಕಿ ಪ್ರವಾಸಕ್ಕೂ ಕಳಿಸುತ್ತಾರೆ. ನಿವೃತ್ತರಾದವರಿಗೆ ಏನೇನು ಸಿಗಬೇಕೆಂದು ನಾವು ಹಾರೈಸುತ್ತೇವೋ ಅದೆಲ್ಲ, ಮಕ್ಕಳು ಮೊಮ್ಮಕ್ಕಳ ಜೊತೆಗಿನ ದಿನಗಳು, ಆರಾಮದ ತಿರುಗಾಟ, ಎಲ್ಲ ಸಿಕ್ಕಿದೆ. ಆದರೂ ಏನೋ ಕೂಡಿಬರುವುದಿಲ್ಲ. ಯಾಕೆ ಎನ್ನುವುದನ್ನು ಒಜು ಬಹಳ ನಿಖರವಾಗಿ, ಹೆಚ್ಚುಕಡಿಮೆ ಲೆಕ್ಕಪತ್ರ ಇಟ್ಟಂತೆ ತೋರಿಸಿದ್ದಾರೆ. ನನ್ನ ಆಸಕ್ತಿ ಆ ಲೆಕ್ಕದಲ್ಲಿದೆ.

ದೊಡ್ಡ ಮಗ ಕೊಯಿಚಿ ಟೋಕಿಯೊದ ಅಂಚಿನ ಬಡಾವಣೆಯೊಂದರಲ್ಲಿ ಡಾಕ್ಟರ್. ಮಗಳು ಶಿಗೆ ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅಜ್ಜ ಅಜ್ಜಿ ಬಂದರೆಂದು ಮೊಮ್ಮಗ ಮಿನೊರುವಿನ ಓದುವ ಮೇಜನ್ನು ಕೋಣೆಯಿಂದ ಹೊರಗಿಟ್ಟಿದ್ದಾರೆ, ಅವನಿಗೆ ಸಿಟ್ಟು. ಭಾನುವಾರ ಎಲ್ಲರೂ ಊರು ನೋಡಲು ಹೊರಟು ನಿಂತಾಗ ರೋಗಿಯೊಬ್ಬನ ಮನೆಯಿಂದ ಕರೆ ಬರುತ್ತದೆ, ತಿರುಗಾಟ ರದ್ದು. ಕೊಯಿಚಿ ನೆಪ ಹೇಳುತ್ತಿಲ್ಲ. ಕಾಯಿಲೆಯ ಮಗುವನ್ನು ಬಿಟ್ಟು ಅಪ್ಪನಿಗೆ ಟೋಕಿಯೊ ತೋರಿಸುವ ಡಾಕ್ಟರನನ್ನು ನಾವು ಮೆಚ್ಚುತ್ತಿದ್ದೆವೇ? ತೋಮಿ ಚಿಕ್ಕ ಮೊಮ್ಮಗನನ್ನು ಕರೆದುಕೊಂಡು ಮನೆಯ ಹತ್ತಿರದ ದಿಬ್ಬಕ್ಕೆ ಹೋಗುತ್ತಾರೆ. ದೊಡ್ಡವನಾಗಿ ಏನಾಗುತ್ತೀಯ, ಅಪ್ಪನ ಹಾಗೆ ಡಾಕ್ಟರೋ, ನೀನು ಡಾಕ್ಟರಾಗುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಎಂದು ಕೇಳುತ್ತಾರೆ. ಹುಡುಗ ಕೇಳಿಸಿಕೊಳ್ಳುತ್ತಲೂ ಇಲ್ಲ, ಹುಲ್ಲು ಕೀಳುತ್ತಿದ್ದಾನೆ. ಶುಕಿಚಿ ಇದನ್ನು ಮನೆಯೊಳಗಿಂದ ದೂರದಲ್ಲಿ ನೋಡುತ್ತಾರೆ. ಮೊಮ್ಮಕ್ಕಳ ಜೊತೆ ಕಾಲ ಕಳೆಯುವುದು ಎಂದು ನಾವು ಸಲೀಸಾಗಿ ಹೇಳುವ ಮಾತು ಪರದೆಯ ಮೇಲೆ ಕಾಣುವುದು ಹೀಗೆ.

ಅಟಾಮಿ ಪ್ರಸಂಗ ಚಿತ್ರದ ನಡುಮಧ್ಯದಲ್ಲಿದೆ. ಅಪ್ಪ ಅಮ್ಮನನ್ನು ಎಲ್ಲಿಗೂ ಕರೆದೊಯ್ಯಲು ಆಗುತ್ತಿಲ್ಲ ಎಂಬ ಸಂಕೋಚ ಶಿಗೆಗೂ ಇದೆ, ಕೊಯಿಚಿಗೂ ಇದೆ. ಅಣ್ಣ ತಂಗಿ ಸೇರಿ ದುಡ್ಡು ಹಾಕಿ ಅವರನ್ನು ಅಟಾಮಿಗೆ ಕಳಿಸುವುದೆಂದು ಶಿಗೆ ಸೂಚಿಸುತ್ತಾಳೆ. ಕಡಲ ದಂಡೆಯ ಬಿಸಿನೀರಿನ ಬುಗ್ಗೆಗಳ ಊರು, ಒಳ್ಳೆಯ ನೋಟ, ತನಗೆ ಗೊತ್ತಿರುವ ವಸತಿಗೃಹ, ಖರ್ಚೂ ಕಡಿಮೆ. ತಾವು ಕೊಡಲಾಗದ ಸಮಯಕ್ಕೆ ಬದಲಾಗಿ ಹಣ ಕೊಡುವ ಈ ಏರ್ಪಾಡನ್ನು ಅವರು ಕೆಟ್ಟ ಮನಸ್ಸಿನಿಂದ ಮಾಡುತ್ತಿಲ್ಲ. ಅಪ್ಪ ಅಮ್ಮನಿಗೆ ಖುಷಿಯಾಗುತ್ತದೆ ಎಂದು ನಿಜವಾಗಿಯೂ ನಂಬಿದ್ದಾರೆ.

ಆ ರಾತ್ರಿ ವಸತಿಗೃಹದಲ್ಲಿ ಮಾಜಾಂಗ್ ಆಟ, ಕುಡಿತ, ಹಾಡು, ಗಲಾಟೆ. ಒಜು ಅವರ ಕ್ಯಾಮೆರಾ ಓಣಿಯಲ್ಲಿ ನಿಂತು ಇದನ್ನೆಲ್ಲ ತೋರಿಸಿ, ಮಧ್ಯೆ ಮಧ್ಯೆ ಹಾಸಿಗೆಯಲ್ಲಿ ನಿದ್ದೆ ಬಾರದೆ ಬೀಸಣಿಗೆ ಆಡಿಸುತ್ತಿರುವ ಮುದುಕರಿಬ್ಬರ ಬಳಿಗೆ ಬರುತ್ತದೆ. ಬೆಳಿಗ್ಗೆ ಇಬ್ಬರೂ ಕಡಲ ಗೋಡೆಯ ಮೇಲೆ ಕೂತಿರುತ್ತಾರೆ, ನಮಗೆ ಬೆನ್ನು ಮಾಡಿ, ಒಂದೇ ಭಂಗಿಯಲ್ಲಿ. ಇದು ಹುಡುಗರು ಬರುವ ಜಾಗ ಎಂಬ ಮಾತು ಬರುತ್ತದೆ. ಊರಿಗೆ ಹೋಗಬೇಕು ಅನ್ನಿಸುತ್ತಿದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಟೋಕಿಯೊ ನೋಡಿದ್ದಾಯಿತು, ಅಟಾಮಿ ನೋಡಿದ್ದಾಯಿತು, ಹೊರಡೋಣ. ಏಳುವಾಗ ತೋಮಿಗೆ ತಲೆ ಸುತ್ತುತ್ತದೆ. ಅದನ್ನು ರಾತ್ರಿ ನಿದ್ದೆ ಇಲ್ಲದ್ದಕ್ಕೆ ಎಂದು ಇಬ್ಬರೂ ತಳ್ಳಿಹಾಕುತ್ತಾರೆ. ಸಾವು ಚಿತ್ರದೊಳಗೆ ಕಾಲಿಡುವುದು ಇಲ್ಲಿ, ಆರಾಮಕ್ಕೆಂದು ಬಂದ ಜಾಗದಲ್ಲಿ. ಒಜು ಅದಕ್ಕೆ ಸಂಗೀತದ ಒತ್ತನ್ನೂ ಕೊಡುವುದಿಲ್ಲ.

ಈ ದೃಶ್ಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗಲಾಟೆಗಿಂತ ಅದರ ಬಗ್ಗೆ ಅವರು ದೂರದಿರುವುದು. ಮಗಳ ಮನೆಗೆ ಹಿಂತಿರುಗಿದಾಗ ಇಷ್ಟು ಬೇಗ ಯಾಕೆ ಬಂದಿರಿ ಎಂದು ಆಕೆ ಬೆಚ್ಚುತ್ತಾಳೆ. ಅವತ್ತು ಸಂಜೆ ಅವಳ ಮನೆಯಲ್ಲಿ ಪಾರ್ಲರಿನವರ ಸಭೆಯಿದೆ. ಆಗಲೂ ಅವರು ಚೆನ್ನಾಗಿತ್ತು ಎನ್ನುತ್ತಾರೆ. ಸ್ನಾನ ಚೆನ್ನಾಗಿತ್ತು, ನೋಟ ಚೆನ್ನಾಗಿತ್ತು. ಇಡೀ ಪ್ರಯಾಣದಲ್ಲಿ ಈ ಇಬ್ಬರು ಬಿಡುವಿಲ್ಲದೆ ಮಾಡುವ ಕೆಲಸ ಇದೊಂದೇ, ಚೆನ್ನಾಗಿದೆ ಎನ್ನುವುದು. ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಹಿರಿಯರ ಮಾತಲ್ಲೂ ಇದು ಇರುತ್ತದೆ. ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರನ್ನು ಕೇಳಿ ನೋಡಿ: ರಸ್ತೆ, ಲೈಬ್ರರಿ, ನಯಾಗರಾ ಎಲ್ಲದರ ವಿವರ ಸಿಗುತ್ತದೆ. ವಾರದ ಐದು ದಿನ ಮಧ್ಯಾಹ್ನ ಏನು ಮಾಡಿದಿರಿ ಎಂಬುದಕ್ಕೆ ಉತ್ತರ ಸಿಗುವುದು ಕಷ್ಟ. ಕನ್ನಡದ ಪ್ರವಾಸಕಥನಗಳಲ್ಲಿ ಇಂಥ ಮಧ್ಯಾಹ್ನಗಳು ಎಷ್ಟು ಬಂದಿವೆ ಎಂದು ಯಾರಾದರೂ ಹುಡುಕಬೇಕು. ಎ.ಎನ್. ಮೂರ್ತಿರಾಯರು ತಮ್ಮ ಪ್ರವಾಸಕಥನಕ್ಕೆ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದು ಹೆಸರಿಟ್ಟಾಗ ಹೋದ ದೇಶಕ್ಕಿಂತ ಮೊದಲು ಹೋದವನ ವಯಸ್ಸು ಬಂದದ್ದು ನನಗೆ ಇವತ್ತಿಗೂ ಇಷ್ಟ.

ಸಮಯವನ್ನೇ ಕೊಡುವವಳು ಒಬ್ಬಳಿದ್ದಾಳೆ, ನೊರಿಕೊ. ಯುದ್ಧದಲ್ಲಿ ತೀರಿಹೋದ ಮಗ ಶೋಜಿಯ ಹೆಂಡತಿ. ಮಗ ಹೋಗಿ ಎಂಟು ವರ್ಷವಾಗಿರುವುದರಿಂದ, ಲೋಕದ ಕಣ್ಣಿಗೆ ಅವಳು ಈ ಕುಟುಂಬಕ್ಕೆ ಸೇರಿದವಳೋ ಅಲ್ಲವೋ ಎಂಬಂತಿದ್ದಾಳೆ. ಆಫೀಸಿಗೆ ಒಂದು ದಿನ ರಜೆ ಹಾಕಿ ಅತ್ತೆ ಮಾವನನ್ನು ಬಸ್ಸಿನಲ್ಲಿ ಟೋಕಿಯೊ ತೋರಿಸಲು ಕರೆದೊಯ್ಯುತ್ತಾಳೆ. ಬಸ್ಸು ಕುಲುಕಿದಾಗ ಪ್ರಯಾಣಿಕರ ತಲೆಗಳೆಲ್ಲ ಒಟ್ಟಿಗೆ ಕುಲುಕುತ್ತವೆ, ಗೈಡ್ ಹುಡುಗಿ ಕಂಠಪಾಠ ಒಪ್ಪಿಸುತ್ತಾಳೆ. ಆಮೇಲೆ ಎತ್ತರದ ಅಂಗಡಿ ಕಟ್ಟಡವೊಂದರ ಮೇಲೆ ನಿಂತು ಅವಳು ಕೈ ತೋರಿಸುತ್ತಾಳೆ. ಅಣ್ಣನ ಮನೆ ಆ ಕಡೆ, ಅಕ್ಕನ ಮನೆ ಈ ಕಡೆ. ನಿನ್ನ ಮನೆ ಯಾವ ಕಡೆ ಎಂದು ತೋಮಿ ಕೇಳುತ್ತಾರೆ. ಅರಮನೆ, ಗಿಂಜಾ ಎಲ್ಲ ನೋಡಿದ ಮೇಲೂ ಅವರಿಗೆ ಟೋಕಿಯೊ ಎಂದರೆ ಮಕ್ಕಳ ಮನೆಗಳಿರುವ ದಿಕ್ಕುಗಳು. ಪ್ರೇಕ್ಷಣೀಯ ಸ್ಥಳ ಅವರಿಗೆ ಬೇಕಾಗಿಯೇ ಇರಲಿಲ್ಲ ಎನ್ನುವುದನ್ನು ಇಷ್ಟು ಸರಳವಾಗಿ ಹೇಳಿದ ದೃಶ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೊರಿಕೊಳನ್ನು ದೇವತೆ ಮಾಡಿ ಉಳಿದವರನ್ನು ಅವಳ ಪಕ್ಕ ನಿಲ್ಲಿಸಿ ಅಳೆಯುವುದು ಸುಲಭ. ಆದರೆ ಒಜು ಇನ್ನೊಂದನ್ನೂ ತೋರಿಸುತ್ತಾರೆ. ಅವಳಿಗೆ ಮಕ್ಕಳಿಲ್ಲ, ಅಂಗಡಿಯಿಲ್ಲ, ರೋಗಿಗಳಿಲ್ಲ. ಒಂದೇ ಕೋಣೆಯ ಅವಳ ಮನೆಯಲ್ಲಿ ಮಾವನಿಗೆ ಕೊಡಲು ಸಾಕೆ ಇಲ್ಲದೆ ಪಕ್ಕದ ಮನೆಯಿಂದ ಕೇಳಿ ತರುತ್ತಾಳೆ. ಅವಳ ಬದುಕು ಎಂಟು ವರ್ಷದ ಹಿಂದೆಯೇ ಎಲ್ಲೋ ನಿಂತಿರುವುದರಿಂದ ನಿಂತುಹೋದ ಇನ್ನಿಬ್ಬರಿಗೆ ಅವಳಲ್ಲಿ ಜಾಗವಿದೆ. ತೋಮಿ ಮತ್ತೆ ಮದುವೆಯಾಗು ಎಂದು ಅವಳಿಗೆ ಒತ್ತಿ ಹೇಳುವುದರ ಅರ್ಥವೇನು? ನೀನೂ ಶಿಗೆಯ ಹಾಗೆ ನಮಗೆ ಬಿಡುವಿಲ್ಲದವಳಾಗು ಎಂದೇ ಅಲ್ಲವೇ? ಹೆತ್ತವರ ಆಸೆಯೊಳಗಿನ ಈ ಸಿಕ್ಕನ್ನು ಬಿಡಿಸಲು ಚಿತ್ರ ಹೋಗುವುದಿಲ್ಲ.

ಇಲ್ಲಿ ಎರಡು ಹಳೆಯ ಚಿತ್ರಗಳ ನೆನಪಾಗುತ್ತದೆ. ಮೊದಲನೆಯದು ಲಿಯೊ ಮೆಕ್‌ಕ್ಯಾರಿಯ 'ಮೇಕ್ ವೇ ಫಾರ್ ಟುಮಾರೊ' (1937). ಒಜು ಜೊತೆ ಚಿತ್ರಕಥೆ ಬರೆದ ಕೋಗೊ ನೋಡಾ ಅವರಿಗೆ ಅದರ ಪರಿಚಯವಿತ್ತು. ಬ್ಯಾಂಕಿಗೆ ಮನೆ ಕಳೆದುಕೊಂಡ ಮುದಿ ದಂಪತಿಯನ್ನು ಮಕ್ಕಳು ಬೇರೆಬೇರೆ ಇಟ್ಟುಕೊಳ್ಳುತ್ತಾರೆ. ಕೊನೆಯ ದಿನ ಇಬ್ಬರೂ ನ್ಯೂಯಾರ್ಕಿನಲ್ಲಿ ಸುತ್ತಾಡಿ, ಮದುವೆಯಾದ ಹೊಸದರಲ್ಲಿ ಉಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಊಟ ಮಾಡುತ್ತಾರೆ. ಅವರ ಪಾಲಿನ ನಿಜವಾದ ವಿಹಾರ ಅದೊಂದೇ. ಅದಕ್ಕಾಗಿ ಅವರು ಮಾಡಬೇಕಾದದ್ದು ಮಕ್ಕಳ ಮನೆಯ ಊಟವನ್ನು ತಪ್ಪಿಸಿಕೊಳ್ಳುವುದು. ಎರಡನೆಯದು ನಮ್ಮದೇ 'ಸ್ಕೂಲ್ ಮಾಸ್ಟರ್' (1958), ಬಿ.ಆರ್. ಪಂತುಲು ಅವರದು. ಅಲ್ಲಿಯೂ ನಿವೃತ್ತ ಮೇಷ್ಟ್ರು ಮತ್ತು ಹೆಂಡತಿ ಮಕ್ಕಳ ನಡುವೆ ಹಂಚಿಹೋಗುತ್ತಾರೆ. ಪಂತುಲು ಮತ್ತು ಎಂ.ವಿ. ರಾಜಮ್ಮ ಅವರ ಅಭಿನಯಕ್ಕೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಅಲ್ಲಿ ಕೈಹಿಡಿಯಲು ಹಳೆಯ ಶಿಷ್ಯನೊಬ್ಬ ಬರುತ್ತಾನೆ. ತಪ್ಪು ಯಾರದು, ಸರಿ ಯಾರದು ಎಂದು ತೀರ್ಮಾನವಾಗುತ್ತದೆ, ನಾವು ಹಗುರಾಗಿ ಮನೆಗೆ ಬರುತ್ತೇವೆ. ನಮ್ಮ ಸಿನೆಮಾ, ಧಾರಾವಾಹಿಗಳು ಈ ದಾರಿಯನ್ನು ಎಷ್ಟು ಸವೆಸಿವೆಯೆಂದರೆ, ಒಜು ಚಿತ್ರವನ್ನೂ ನಾವು ಅದೇ ಕಣ್ಣಿಂದ ನೋಡಿ ಶಿಗೆಯನ್ನು ಬೈದು ಮುಗಿಸುತ್ತೇವೆ.

ಬೈಯಲು ಅವಳು ಬೇಕಾದಷ್ಟು ಕಾರಣ ಕೊಡುತ್ತಾಳೆ, ನಿಜ. ಗಂಡ ತಂದ ದುಬಾರಿ ತಿನಿಸನ್ನು ಅಪ್ಪ ಅಮ್ಮನಿಗೆ ಇದೆಲ್ಲ ಯಾಕೆ ಎಂದು ಹೇಳುತ್ತಲೇ ತಾನು ತಿನ್ನುತ್ತಾಳೆ. ಇವರು ಯಾರು ಎಂದು ಕೇಳಿದರೆ ಊರ ಕಡೆಯ ಪರಿಚಯದವರು ಎನ್ನುತ್ತಾಳೆ. ತಾಯಿಯ ಅಂತ್ಯಕ್ರಿಯೆಯ ದಿನವೇ ಅವಳ ಕಿಮೊನೊ ಕೇಳುತ್ತಾಳೆ. ಆದರೆ ಅಮ್ಮ ತೀರಿಕೊಂಡಾಗ ಮೊದಲು ಭೋರೆಂದು ಅಳುವವಳೂ ಅವಳೇ. ಆ ಅಳು ಸುಳ್ಳಲ್ಲ. ಇಪ್ಪತ್ತೆರಡರಲ್ಲಿ ನೋಡಿದಾಗ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಅಪ್ಪ ರಿಟೈರ್ ಆಗಿದ್ದಾರೆ. ನಿನಗೆ ಯಾವಾಗ ಬಿಡುವೋ ಹೇಳು, ಬರ್ತೀವಿ ಎಂದು ಫೋನಿನಲ್ಲಿ ಹೇಳುತ್ತಿರುತ್ತಾರೆ. ಈ ಅಧ್ಯಾಯ ಮುಗಿಯಲಿ ಅಪ್ಪ ಎಂದು ನಾನು ಹೇಳುತ್ತಿರುತ್ತೇನೆ. ಹೋದ ತಿಂಗಳು ಇಬ್ಬರಿಗೂ ಹಂಪಿಗೆ ಒಂದು ಪ್ಯಾಕೇಜ್ ಟೂರ್ ಮಾಡಿಸಿಕೊಟ್ಟೆ. ಚೆನ್ನಾಗಿತ್ತು ಎಂದರು.

ಶುಕಿಚಿ ಒಂದೇ ಒಂದು ಕಡೆ ಈ ಸೌಜನ್ಯದಿಂದ ಸ್ವಲ್ಪ ಹೊರಬರುತ್ತಾರೆ. ಪಾರ್ಲರಿನವರ ಸಭೆಯ ರಾತ್ರಿ ಮಲಗಲು ಜಾಗವಿಲ್ಲದೆ ತೋಮಿ ನೊರಿಕೊ ಮನೆಗೆ, ಶುಕಿಚಿ ಹಳೆಯ ಗೆಳೆಯರ ಬಳಿಗೆ ಹೋಗಬೇಕಾಗುತ್ತದೆ. ಹತ್ತೊರಿಗೆ ಇಬ್ಬರು ಗಂಡುಮಕ್ಕಳು ಯುದ್ಧದಲ್ಲಿ ಹೋಗಿದ್ದಾರೆ. ನುಮಾತಾಗೆ ಬದುಕಿರುವ ಮಗನೇ ನಿರಾಶೆ, ಅವನ ಹುದ್ದೆಯನ್ನು ಒಂದು ಮೆಟ್ಟಿಲು ಏರಿಸಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಶುಕಿಚಿ ಕುಡಿಯುತ್ತಾ, ನನ್ನ ಮಗನೂ ನಾನು ಅಂದುಕೊಂಡಷ್ಟು ದೊಡ್ಡ ಡಾಕ್ಟರಲ್ಲ, ಬಡಾವಣೆಯ ವೈದ್ಯ ಎನ್ನುತ್ತಾರೆ. ಹೆಚ್ಚು ಬಯಸಬಾರದು ಎಂದೂ ಸೇರಿಸುತ್ತಾರೆ. ಅಂದರೆ ನಿರಾಶೆ ಒಂದೇ ಕಡೆಯದಲ್ಲ. ಮಕ್ಕಳಿಗೆ ಹೆತ್ತವರು ಭಾರವಾದಂತೆ, ಹೆತ್ತವರಿಗೆ ಮಕ್ಕಳು ತುಸು ಸಣ್ಣವರಾಗಿ ಕಂಡಿದ್ದಾರೆ. ಟೋಕಿಯೊಗೆ ಬಂದು ಅವರು ನೋಡಿದ ಮುಖ್ಯ ಸಂಗತಿ ಇದೇ ಇರಬಹುದು. ನಡುರಾತ್ರಿ ಪೋಲೀಸಿನವನು ಕುಡಿದವರನ್ನು ಶಿಗೆಯ ಮನೆಗೆ ತಂದು ಬಿಡುತ್ತಾನೆ. ಇಷ್ಟು ವರ್ಷ ಬಿಟ್ಟಿದ್ದ ಕುಡಿತ ಮತ್ತೆ ಶುರುವಾಯಿತೇ ಎಂದು ಅವಳು ಸಿಡುಕುವಾಗ ಅವಳ ಬಾಲ್ಯದ ಒಂದು ತುಣುಕು ಕಂಡು ಮರೆಯಾಗುತ್ತದೆ. ಶುಕಿಚಿ ಒಂದು ಕಾಲದಲ್ಲಿ ಎಂಥ ಅಪ್ಪನಾಗಿದ್ದರು ಎಂಬುದರ ಬಗ್ಗೆ ಚಿತ್ರ ಕೊಡುವ ಸುಳಿವು ಇಷ್ಟೇ. ವಿಮರ್ಶಕರು ಇದನ್ನು ದಾಟಿಹೋಗುವುದು ನನಗೆ ಆಶ್ಚರ್ಯ.

ಹಿಂತಿರುಗುವ ದಾರಿಯಲ್ಲಿ ಆರೋಗ್ಯ ತಪ್ಪಿ ಒಸಾಕಾದಲ್ಲಿ ಇಳಿದುಕೊಂಡಾಗ ಇಬ್ಬರೂ ಮಕ್ಕಳ ಬಗ್ಗೆ ಮಾತಾಡುತ್ತಾರೆ. ನಮ್ಮ ಮಕ್ಕಳು ಹಲವರಿಗಿಂತ ಪರವಾಗಿಲ್ಲ, ನಾವು ಪುಣ್ಯವಂತರೇ ಎಂಬ ತೀರ್ಮಾನಕ್ಕೆ ಬರುತ್ತಾರೆ. ಪಕ್ಕದ ಮನೆಯಾಕೆ ಹೊರಡುವಾಗ ಹೇಳಿದ್ದ ಮಾತೇ ಅದು. ಈ ಸಲ ಅದನ್ನು ಅವರು ತಾವೇ, ಯಾರೂ ಕೇಳದಿದ್ದರೂ, ಹೇಳಿಕೊಳ್ಳುತ್ತಾರೆ. ಚಿಶು ರ್‍ಯು ಮತ್ತು ಚಿಯೆಕೊ ಹಿಗಾಶಿಯಾಮಾ ಇದನ್ನು ನಗುನಗುತ್ತಾ ಹೇಳುತ್ತಾರೆ. ಆ ನಗುವಿನಲ್ಲಿ ವ್ಯಂಗ್ಯ ಹುಡುಕಿದರೆ ಸಿಗುವುದಿಲ್ಲ. ರ್‍ಯು ಅವರಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ. ಮದುವೆಯಾಗದೆ ತಾಯಿಯ ಜೊತೆ ಬದುಕುತ್ತಿದ್ದ ಒಜು ಅವರಿಗೂ ಅಷ್ಟೇ ವಯಸ್ಸು. ಈ ಮುದಿತನವನ್ನು ಕಲ್ಪಿಸಿಕೊಂಡವರು ಮಕ್ಕಳ ಸಾಲಿನಲ್ಲಿ ನಿಂತಿದ್ದವರು.

ಕೊನೆಯಲ್ಲಿ ಶುಕಿಚಿ ಒನೊಮಿಚಿಯ ಮನೆಯಲ್ಲಿ ಒಬ್ಬರೇ ಕೂತಿದ್ದಾರೆ. ಮಕ್ಕಳು ಹೋಗಿದ್ದಾರೆ, ತೋಮಿಯ ಗಡಿಯಾರ ಇಟ್ಟುಕೊಂಡು ನೊರಿಕೊ ರೈಲಿನಲ್ಲಿದ್ದಾಳೆ. ಅದೇ ಕಿಟಕಿಯಲ್ಲಿ ಅದೇ ಪಕ್ಕದ ಮನೆಯಾಕೆ ಇಣುಕುತ್ತಾಳೆ. ಒಬ್ಬನೇ ಆದ ಮೇಲೆ ದಿನ ಬಹಳ ಉದ್ದವೆನಿಸುತ್ತದೆ ಎನ್ನುತ್ತಾರೆ ಶುಕಿಚಿ. ಆಕೆ ಹೋದ ಮೇಲೆ ಬೀಸಣಿಗೆ ಆಡಿಸುತ್ತಾ ಕೂರುತ್ತಾರೆ. ಹೊರಗೆ ಕಡಲಿನಲ್ಲಿ ದೋಣಿಯೊಂದರ ಸದ್ದು.